ಎಂಟು ಹಾಕಿದವರಿಗೆ ಎರಡರ ಲೆಕ್ಕ

ಬೈಕ್ ಸವಾರರ ಪರವಾನಗಿ ಪರೀಕ್ಷೆಯನ್ನು ರೂಪಿಸಿದ ಮಹನೀಯರಿಗೆ ರಸ್ತೆಯ ಬಗ್ಗೆ ಒಂದು ಉದಾತ್ತ ಕಲ್ಪನೆ ಇದ್ದಿರಬೇಕು: ಅಲ್ಲಿ ಬೇರೆ ಯಾರೂ ಇರುವುದಿಲ್ಲ. ಹಲವೆಡೆ ಇಂದಿಗೂ ಅಭ್ಯರ್ಥಿಯು ಖಾಲಿ ಮೈದಾನದಲ್ಲಿ, ಗಂಟೆಗೆ 10 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ, ಕಾಲು ನೆಲಕ್ಕೂರದೆ ಎಂಟು ಹಾಕಿ ತೋರಿಸಿದರೆ ಸಾಕು, ಲಾರಿ ಬಸ್ಸುಗಳ ನಡುವೆ ಸಂಚರಿಸಲು ಅವನು ಸಮರ್ಥನೆಂದು ಮೊಹರು ಬೀಳುತ್ತದೆ. ಸಮತೋಲನವೂ ಕ್ಲಚ್ಚಿನ ಹಿಡಿತವೂ ಬೇಕಾದವೇ, ಅಲ್ಲಗಳೆಯುವಂತಿಲ್ಲ. ಆದರೆ ಮುಂದಿನ ವಾಹನದಿಂದ ಎಷ್ಟು ದೂರವಿರಬೇಕೆಂಬುದನ್ನು ಪರೀಕ್ಷಿಸಲು ಮುಂದೊಂದು ವಾಹನ ಬೇಕಾಗುತ್ತದೆ. ಅಂಥ ಅಡಚಣೆಗಳನ್ನು ಮೈದಾನದಿಂದ ಮೊದಲೇ ತೆರವುಗೊಳಿಸಿರುತ್ತಾರೆ.

ಹತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ ಗಾಡಿ ಒಂದು ಮೀಟರಿನ ಒಳಗೇ ನಿಂತೀತು. ಅರವತ್ತಕ್ಕೇರಿದಾಗ ವೇಗ ಹೆಚ್ಚುವುದು 6 ಪಟ್ಟು; ನಿಲ್ಲಲು ಬ್ರೇಕಿಗೆ ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಹೆಚ್ಚುಕಡಿಮೆ 36 ಪಟ್ಟು. ಪರವಾನಗಿ ಮಾತ್ರ ಒಂದೇ. ಇನ್ನು ಅಪಾಯ ಕಣ್ಣಿಗೆ ಬಿದ್ದು ಬೆರಳು ಬ್ರೇಕನ್ನು ಎಳೆಯುವುದಕ್ಕೆ ಒಂದು ಸೆಕೆಂಡ್ ಹಿಡಿದರೂ ಗಾಡಿ ಅಷ್ಟರಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಈ ಕಾರಣಕ್ಕೇ ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬವನ್ನು ತಲುಪುವುದಕ್ಕೆ ಕನಿಷ್ಠ 2 ಸೆಕೆಂಡ್ ಹಿಡಿಯಬೇಕೆಂದು ಬಲ್ಲವರು ಹೇಳುತ್ತಾರೆ. ಅರವತ್ತರ ವೇಗದಲ್ಲಿ ಅದು ಸುಮಾರು 33 ಮೀಟರ್, ಮಳೆಯಲ್ಲಿ ಅದರ ಇಮ್ಮಡಿ.

ಅಷ್ಟು ಜಾಗ ಬಿಟ್ಟು ಹೋಗುವವನನ್ನು ಸಮಾಜ ಹೇಗೆ ನಡೆಸಿಕೊಳ್ಳುತ್ತದೆಂಬುದನ್ನು ನೋಡಬೇಕು. ವಾರಸುದಾರರಿಲ್ಲದ ನಿವೇಶನಕ್ಕೆ ಬೇಲಿ ಹಾಕುವವರ ಉತ್ಸಾಹದಿಂದ ಎಡಬಲಗಳಿಂದ ಗಾಡಿಗಳು ಅಲ್ಲಿಗೆ ನುಗ್ಗುತ್ತವೆ. ಹಿಂದಿನವನು, ಮೂವತ್ತಮೂರು ಮೀಟರಿನ ಈ ಅಪವ್ಯಯವನ್ನು ಸಹಿಸಲಾರದೆ, ಹಾರ್ನ್ ಒತ್ತುತ್ತಾನೆ. ಹಾಗೆ ನುಗ್ಗಿದ ಪ್ರತಿಯೊಬ್ಬನಿಗೂ ಹೊಸದಾಗಿ ಜಾಗ ಬಿಟ್ಟುಕೊಟ್ಟರೂ ಒಬ್ಬನಿಗೆ ಎರಡೇ ಸೆಕೆಂಡ್ ನಷ್ಟ, ಅಂದರೆ ಮೂವತ್ತು ಮಂದಿ ನುಗ್ಗಿದರೆ ಒಂದು ನಿಮಿಷ. ಆ ಒಂದು ನಿಮಿಷವನ್ನು ಉಳಿಸುವುದಕ್ಕಾಗಿ ಜನ ಮುಂದಿನ ಲಾರಿಯ ಹಿಂಬದಿಯ ಬರಹವನ್ನು ಅಕ್ಷರ ಬಿಡದೆ ಓದುವಷ್ಟು ಹತ್ತಿರ ಹೋಗುತ್ತಾರೆ. ಲಾರಿಯಾಚೆಗಿನ ಗುಂಡಿ ಕಾಣದಿರುವುದು ಅವರ ದೃಷ್ಟಿಯಲ್ಲಿ ಒಂದು ಅನುಕೂಲವೇ ಇರಬಹುದು, ಕಾಣದ್ದಕ್ಕೆ ಹೆದರಬೇಕಾಗಿಲ್ಲವಲ್ಲ.

ಪರೀಕ್ಷೆಯನ್ನು ಬದಲಾಯಿಸುವುದು ಕಷ್ಟವೆಂದಾದರೆ ರಸ್ತೆಗಳನ್ನೇ ಬದಲಾಯಿಸಿ, ಹೆದ್ದಾರಿಗಳನ್ನೆಲ್ಲ ಎಂಟರ ಆಕಾರದಲ್ಲಿ ನಿರ್ಮಿಸಬಹುದು. ಪರವಾನಗಿ ಪಡೆದವರೆಲ್ಲರಿಗೂ ಅದು ಚಿರಪರಿಚಿತ. ಹತ್ತರ ವೇಗ, ನೆಲಕ್ಕೂರದ ಕಾಲು, ಎಲ್ಲವೂ ಪಠ್ಯಕ್ರಮದಂತೆಯೇ ನಡೆಯುತ್ತವೆ. ತೊಡಕು ಒಂದೇ: ಎಂಟರ ನಡುವೆ ದಾರಿ ತನ್ನನ್ನೇ ಅಡ್ಡ ಹಾಯುವುದರಿಂದ, ಇಬ್ಬರು ಏಕಕಾಲದಲ್ಲಿ ಅಲ್ಲಿಗೆ ಬಂದರೆ ಯಾರು ಎಷ್ಟು ಅಂತರ ಬಿಡಬೇಕೆಂಬ ಪ್ರಶ್ನೆ ಮತ್ತೆ ಏಳುತ್ತದೆ. ಆದಕಾರಣ ಹೆದ್ದಾರಿಗೆ ಒಮ್ಮೆಗೆ ಒಬ್ಬರನ್ನು ಮಾತ್ರ ಬಿಡತಕ್ಕದ್ದು.