ಹಾಸನಾಂಬೆ ದರ್ಶನಕ್ಕೆ ಪಾಸ್ ಇದ್ಯಾ?

ಹಾಸನದವರಿಗೆ ನೆಂಟರು ಎಷ್ಟು ಜನ ಇದ್ದಾರೆ ಅಂತ ಗೊತ್ತಾಗುವುದು ವರ್ಷಕ್ಕೊಂದು ಸಲ. ಆಶ್ವಯುಜ ಹುಣ್ಣಿಮೆ ಕಳೆದ ಮೇಲೆ ಬರುವ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುತ್ತಾರೆ. ಅದಕ್ಕೂ ಮುಂಚೆಯೇ ಫೋನುಗಳು ಶುರು. ಮದುವೆಗೆ ಬಾರದವರು, ಗೃಹಪ್ರವೇಶಕ್ಕೆ ಕರೆದಾಗ ಫೋನ್ ಎತ್ತದವರು, ಎಲ್ಲರಿಗೂ ದಿಢೀರನೆ ನಮ್ಮ ಯೋಗಕ್ಷೇಮದ ಚಿಂತೆ. "ಹೇಗಿದ್ದೀಯಪ್ಪಾ? ಅಮ್ಮ ಹುಷಾರಾಗಿದ್ದಾರಾ? ಮಳೆ ಹೆಂಗೆ?" ಈ ಮೂರಕ್ಕೂ ಉತ್ತರ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಅವರಿಗಿಲ್ಲ. ಅಸಲಿ ವಿಷಯ ನಾಲ್ಕನೆಯದು. "ಅಂದ ಹಾಗೆ, ಒಂದು ನಾಲ್ಕು ಪಾಸ್ ಸಿಗುತ್ತಾ?"

ದೇವಿಯ ಮಹಿಮೆ ದೊಡ್ಡದೇ. ವರ್ಷವೆಲ್ಲ ಬಾಗಿಲು ಮುಚ್ಚಿರುತ್ತದೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರುವುದಿಲ್ಲ, ಮುಡಿಸಿದ ಹೂವು ಬಾಡಿರುವುದಿಲ್ಲ ಅನ್ನುವುದು ನಂಬಿಕೆ. ಗರ್ಭಗುಡಿ ಎದುರು ಬಾಳೆಕಂದು ಕಡಿದು ಬಾಗಿಲು ತೆಗೆಯುತ್ತಾರೆ. ಒಳಗೆ ದೇವಿ ಇರುವುದು ಹುತ್ತದ ರೂಪದಲ್ಲಿ. ಬಲಿಪಾಡ್ಯಮಿ ಕಳೆದರೆ ಮತ್ತೆ ಬಾಗಿಲು ಬಂದ್. ಮೊದಲನೇ ದಿನ ಸಾರ್ವಜನಿಕರಿಗೆ ದರ್ಶನ ಇಲ್ಲ ಅಂತ ನಿಯಮವೇ ಇದೆ. ಆದರೆ ಅವತ್ತು ಟಿ.ವಿ. ಹಾಕಿ ನೋಡಿ, ಒಳಗೆ ಕಾಲಿಡಲು ಜಾಗ ಇರುವುದಿಲ್ಲ. ಅವರ್ಯಾರೂ ಸಾರ್ವಜನಿಕರಲ್ಲ ಅಂತ ನಾವೇ ಅರ್ಥ ಮಾಡಿಕೊಳ್ಳಬೇಕು.

ಆಮೇಲೆ ಸಾಲುಗಳು. ಕಾಸಿಲ್ಲದ ಧರ್ಮದರ್ಶನ, 300 ರೂಪಾಯಿಯದು, 1000 ರೂಪಾಯಿಯದು. ಇವೆಲ್ಲಕ್ಕೂ ಮೇಲೆ, ಕಾಸೂ ಕೊಡದೆ ಕಾಲೂ ನೋಯಿಸಿಕೊಳ್ಳದೆ ಹೋಗುವವರ ದಾರಿ. 300 ಕೊಟ್ಟವರು ಪಕ್ಕದ ಧರ್ಮದರ್ಶನದ ಸಾಲು ನೋಡಿಕೊಂಡು ಸಮಾಧಾನ ಪಡುತ್ತಾರೆ. 1000 ಕೊಟ್ಟವರು 300ರವರನ್ನು ನೋಡುತ್ತಾರೆ. ಪಾಸಿನವರು ಯಾರನ್ನೂ ನೋಡುವುದಿಲ್ಲ, ಅವರು ಫೋನಿನಲ್ಲಿ ಇನ್ನೂ ದೊಡ್ಡವರೊಬ್ಬರ ಜೊತೆ ಮಾತಾಡುತ್ತಿರುತ್ತಾರೆ. ತಮಾಷೆ ಅಂದ್ರೆ, ಹಬ್ಬದ ರಜೆ ಬಂತೆಂದರೆ ಈ ದಾರಿಯೇ ಎಲ್ಲಕ್ಕಿಂತ ಉದ್ದ. ಊರಿನ ಅರ್ಧ ಜನ ಗಣ್ಯರಾದ ಮೇಲೆ ಇನ್ನೇನಾಗಬೇಕು?

ಈ ದಾರಿಯ ಗೇಟಿನ ಹತ್ತಿರ ಹತ್ತು ನಿಮಿಷ ಸುಮ್ನೆ ನಿಂತು ನೋಡಬೇಕು. ಬೇರೆ ಜಿಲ್ಲೆಯಿಂದ ಬಂದೋಬಸ್ತಿಗೆ ಬಂದ ಪೇದೆ, ಪಾಪ, ಇಲ್ಲಿ ಯಾರು ಯಾರ ಕಡೆಯವರು ಅಂತ ಅವನಿಗೇನು ಗೊತ್ತು. ಬಿಳಿ ಪಂಚೆಯವರೊಬ್ಬರು ಬಂದರು. ಕೈಯಲ್ಲಿ ಪಾಸು ಇಲ್ಲ, ಪಾಸಿನ ಫೋಟೋ ಇದೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗಿ ಹೋಗಿ ಅಕ್ಷರವೆಲ್ಲ ಮಬ್ಬಾಗಿದೆ. ಪೇದೆ ಬೆರಳಲ್ಲಿ ಹಿಗ್ಗಿಸಿ ನೋಡಿದ.

"ಸಾರ್, ಇದರಲ್ಲಿ ನಿನ್ನೆ ತಾರೀಕಿದೆ."

"ನಿನ್ನೆ ಬರಕ್ಕಾಗ್ಲಿಲ್ಲ ಕಣಪ್ಪಾ."

"ಒಬ್ಬರಿಗೆ ಅಂತ ಬೇರೆ ಬರೆದಿದೆ."

"ಒಬ್ಬನೇ ಕಣಯ್ಯಾ. ಇವರೆಲ್ಲ ನನ್ನ ಜೊತೆ ಬಂದಿರೋರು."

ಜೊತೆಗೆ ಹೆಂಡತಿ, ಹೆಂಡತಿಯ ತಂಗಿ, ಆ ತಂಗಿಯ ಪೂರ್ತಿ ಸಂಸಾರ, ಕೊನೆಗೆ ಕಾರಿನ ಡ್ರೈವರ್. ಅಷ್ಟರಲ್ಲಿ ಫೋನ್ ಹಚ್ಚಿ ಪೇದೆಯ ಕಿವಿಗೇ ಹಿಡಿದರು. ಆ ಕಡೆ ಯಾರಿದ್ದರೋ. ಪೇದೆ ಮೂರು ಸಲ "ಆಯ್ತು ಸಾರ್" ಅಂದು ಹಗ್ಗ ಬಿಚ್ಚಿದ. ಪಕ್ಕದ ಕಟಕಟೆಯೊಳಗೆ ಬೆಳಗಿನ ಜಾವದಿಂದ ನಿಂತಿದ್ದ ಅಜ್ಜಿಯೊಬ್ಬರು ಇದನ್ನೆಲ್ಲ ನೋಡಿ, ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದು ಹಾಕಿಕೊಂಡರು.

ಜಿಲ್ಲೆಯಲ್ಲಿ ಬೇರೆ ಪುಣ್ಯಕ್ಷೇತ್ರ ಇಲ್ಲವಾ ಅಂದರೆ, ಇವೆ. ಬೇಲೂರಿನ ಚೆನ್ನಕೇಶವ 1117ರಿಂದ ನಿಂತಿದ್ದಾನೆ, 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದ. ಪಾಸ್ ಕೇಳುವ ನೆಂಟರಿಗೆ ಬೇಲೂರಿಗೆ ಹೋಗಿಬನ್ನಿ ಅಂತ ಹೇಳಿ ನೋಡಿ. "ಅದು ಇದ್ದೇ ಇರುತ್ತಲ್ಲ, ಇನ್ನೊಂದ್ಸಲ ನೋಡೋಣ." ಬಾಗಿಲು ದಿನಾ ತೆಗೆದಿರುವ ದೇವರ ಪಾಡೇ ಇಷ್ಟು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಮೆಟ್ಟಿಲು 600ಕ್ಕೂ ಜಾಸ್ತಿ. ಬರಿಗಾಲಲ್ಲಿ ಹತ್ತಬೇಕು. ಯಾರ ಲೆಟರ್‌ಹೆಡ್ ತೋರಿಸಿದರೂ ಒಂದು ಮೆಟ್ಟಿಲೂ ಕಮ್ಮಿ ಆಗುವುದಿಲ್ಲ. ಪಕ್ಕದ ಜಿಲ್ಲೆ ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟಕ್ಕೆ ಜನ ಹತ್ತುವುದೂ ಇದೇ ದೀಪಾವಳಿಗೆ. ಕಡಿದಾದ ದಾರಿ, ಕೆಸರು, ಜಾರಿಕೆ. ಅಲ್ಲಿಗೆ ಪಾಸ್ ಬೇಕು ಅಂತ ಇವತ್ತಿನವರೆಗೆ ನನಗೆ ಒಬ್ಬರೂ ಫೋನ್ ಮಾಡಿಲ್ಲ.

ಹಾಸನಾಂಬೆಯ ಆವರಣದಲ್ಲೇ ಕಳ್ಳಪ್ಪನ ಗುಡಿ ಅಂತ ಒಂದಿದೆ. ದೇವಿಯ ಒಡವೆ ಕದಿಯಲು ಬಂದ ನಾಲ್ವರು ಕಳ್ಳರನ್ನು ಅಮ್ಮ ಕಲ್ಲು ಮಾಡಿದಳಂತೆ. ಅಡ್ಡದಾರಿಯಲ್ಲಿ ಒಳಗೆ ಬಂದವರಿಗೆ ಆಗ ಅಷ್ಟು ಕಟ್ಟುನಿಟ್ಟು. ಈಗ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಕಳಿಸುತ್ತೇವೆ.

ಇನ್ನೊಂದು ಕಲ್ಲೂ ಇದೆ, ಸೊಸೆ ಕಲ್ಲು. ದೇವಿಯ ದರ್ಶನಕ್ಕೆ ಬಂದಿದ್ದ ಸೊಸೆಯನ್ನು ಅತ್ತೆ ಅಲ್ಲಿಗೇ ಬಂದು ಹೊಡೆದಳಂತೆ. ಅಮ್ಮಾ ಕಾಪಾಡು ಅಂತ ಕೂಗಿದವಳನ್ನು ದೇವಿ ಕಲ್ಲು ಮಾಡಿ ತನ್ನ ಸನ್ನಿಧಿಯಲ್ಲೇ ಇರಿಸಿಕೊಂಡಳು. ಆ ಕಲ್ಲು ವರ್ಷಕ್ಕೆ ಒಂದು ಭತ್ತದ ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತ ನಂಬಿಕೆ. ಧರ್ಮದರ್ಶನದ ಸಾಲಿನಲ್ಲಿ ನಿಂತವರು ಇದನ್ನು ಅನುಮಾನಿಸುವುದಿಲ್ಲ. ಸಾಲು ಅಷ್ಟೇ ಬೇಗ ಸರಿಯುತ್ತದೆ ಅಂತ ಅವರಿಗೆ ಸ್ವಂತ ಅನುಭವ ಇದೆ.

ನನಗಿರುವ ಹೆದರಿಕೆಯೇ ಬೇರೆ. ನಮ್ಮ ಹಾಸನದಲ್ಲಿ ಪಾಸ್ ಕೊಡಿಸುವವರ ಮನಸ್ಸು ಬಹಳ ಮೆದು. ಪಾಪ, ಇಷ್ಟು ವರ್ಷದಿಂದ ಕಾಯುತ್ತಿದ್ದಾಳೆ ಅಂತ ಯಾರಾದರೂ ಆ ಸೊಸೆಗೂ ಒಂದು ಬರೆದುಕೊಟ್ಟರೆ ಏನು ಗತಿ? ಹಗ್ಗ ಬಿಚ್ಚುತ್ತಾರೆ, ನೇರ ಗರ್ಭಗುಡಿ, ಅವತ್ತೇ ಸಂಜೆಯೊಳಗೆ ಕಲಿಯುಗ ಖಲಾಸ್. ಲೆಟರ್‌ಹೆಡ್ ಇಟ್ಟುಕೊಂಡಿರುವ ದೊಡ್ಡವರಲ್ಲಿ ಒಂದೇ ವಿನಂತಿ. ಯಾರಿಗೆ ಬೇಕಾದರೂ ಕೊಡಿ, ಅವಳೊಬ್ಬಳಿಗೆ ಮಾತ್ರ ಬೇಡ. ಅವಳ ಅತ್ತೆ ಮನೆಯವರೇ ಬಂದು ಶಿಫಾರಸು ಮಾಡಿದರೂ ಅಷ್ಟೇ.