ಜಾವಾದ ಇಸ್ಲಾಂ: ಹಳೆಯ ಗೋಡೆಯ ಮೇಲಿನ ಸುಣ್ಣವೇ?

ಇಂಡೊನೇಷ್ಯಾದ ಮಾತು ಬಂದರೆ ನಮ್ಮಲ್ಲಿ ಒಂದು ಪಟ್ಟಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ: ವಿಮಾನದ ಮೇಲೆ ಗರುಡ, ನೋಟಿನ ಮೇಲೆ ಗಣಪತಿ, ಮುಸ್ಲಿಮರೇ ಆಡಿಸುವ ರಾಮಾಯಣ. 2022ರಲ್ಲಿ ದೆಹಲಿಯ ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲರೂ ನೋಟಿನ ಗಣಪತಿಯನ್ನು ಎತ್ತಿ ತೋರಿಸಿದ್ದರು. 1998ರಲ್ಲಿ ಅಚ್ಚಾದ ಆ ಇಪ್ಪತ್ತು ಸಾವಿರ ರುಪಿಯಾದ ನೋಟು ಚಲಾವಣೆಯಿಂದ ಹೊರಟುಹೋಗಿ ಆಗಲೇ ವರ್ಷಗಳಾಗಿದ್ದವು, ಅದು ಬೇರೆ ವಿಷಯ. ಈ ಪಟ್ಟಿಯ ಹಿಂದೆ ವಿದ್ವಾಂಸರು ಅರವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆಸಿರುವ ಒಂದು ಜಗಳವಿದೆ. ದೇಶದ ಅರ್ಧಕ್ಕಿಂತ ಹೆಚ್ಚು ಜನ ವಾಸಿಸುವ ಜಾವಾ ದ್ವೀಪದ ಮುಸ್ಲಿಮರ ಧರ್ಮವನ್ನು ಹಿಂದೂ-ಬೌದ್ಧ ಗೋಡೆಯ ಮೇಲೆ ಬಳಿದ ಸುಣ್ಣ ಎಂದು ಓದಬೇಕೇ, ಬೇಡವೇ? ಎರಡೂ ಪಕ್ಷಗಳನ್ನು ಆದಷ್ಟು ಗಟ್ಟಿಯಾಗಿ ಮಂಡಿಸಲು ಯತ್ನಿಸಿದ್ದೇನೆ. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವ ಗೋಜಿಗೆ ಹೋಗಿಲ್ಲ.

ಪರ: ಬುಡ ಹಳೆಯದೇ

ಪೂರ್ವ ಜಾವಾದ ಪಾರೆ ಎಂಬ ಸಣ್ಣ ಪಟ್ಟಣದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ 1950ರ ದಶಕದ ಆರಂಭದಲ್ಲಿ ಠಿಕಾಣಿ ಹೂಡಿದ್ದರು. ಮಸೀದಿಯ ಬಾಗಿಲಲ್ಲಿ ಕುಳಿತರೆ ಜಾವಾದ ಧರ್ಮ ಕಾಣುವುದಿಲ್ಲ, ಮನೆಯ ಚಾಪೆಯ ಮೇಲೆ ಕೂರಬೇಕು ಎಂಬುದು ಅವರಿಗೆ ಬೇಗ ಹೊಳೆಯಿತು. ಆ ಚಾಪೆಯ ಮೇಲೆ ನಡೆಯುವುದೇ ಸ್ಲಾಮೆತಾನ್. ಮಗು ಹುಟ್ಟಿದರೆ, ಮದುವೆಯಾದರೆ, ಮನೆ ಬದಲಿಸಿದರೆ, ಯಾರಾದರೂ ತೀರಿಕೊಂಡರೆ ಅಕ್ಕಪಕ್ಕದ ಮನೆಗಳ ಗಂಡಸರನ್ನು ಕರೆಯುತ್ತಾರೆ. ನಡುವೆ ಶಂಕುವಿನಾಕಾರದ ಅನ್ನದ ರಾಶಿ, ಕೆಂಪು-ಬಿಳಿ ಗಂಜಿ, ಪಲ್ಯಗಳು. ಮನೆಯ ಯಜಮಾನ ಗೌರವದ ಜಾವಾನೀ ಭಾಷೆಯಲ್ಲಿ ಯಾವ ಕಾರಣಕ್ಕೆ ಈ ಊಟ ಎಂದು ವಿವರಿಸುತ್ತಾನೆ. ಪ್ರವಾದಿಯ ಹೆಸರು ಬರುತ್ತದೆ, ಪ್ರವಾದಿಯ ಮಗಳ ಹೆಸರು ಬರುತ್ತದೆ. ಅವರ ಪಕ್ಕದಲ್ಲಿಯೇ ಊರನ್ನು ಕಾಯುವ ದೈವವೂ ತೀರಿಹೋದ ಹಿರಿಯರೂ ಬರುತ್ತಾರೆ. ಆಮೇಲೆ ಅರಬ್ಬಿ ಬಲ್ಲವರೊಬ್ಬರು ಪ್ರಾರ್ಥನೆ ಹೇಳುತ್ತಾರೆ, ಉಳಿದವರು ಆಮೀನ್ ಅನ್ನುತ್ತಾರೆ. ನಾಲ್ಕು ತುತ್ತು ತಿಂದು, ಮಿಕ್ಕದ್ದನ್ನು ಎಲೆಯಲ್ಲಿ ಕಟ್ಟಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಅನ್ನದ ಪರಿಮಳ ಮಾತ್ರ ಕಾಣದ ಅತಿಥಿಗಳ ಪಾಲು.

ಅರಬ್ಬಿಯ ಆ ಎರಡು ನಿಮಿಷವನ್ನು ತೆಗೆದುಬಿಟ್ಟರೂ ಸ್ಲಾಮೆತಾನ್ ನಿಲ್ಲುತ್ತದೆ. ಚಾಪೆ, ಅನ್ನ, ಊರ ದೈವ, ಹಿರಿಯರು ಇವನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಗೀರ್ಟ್ಸ್ ಅವರು ಹಳ್ಳಿಯ ಈ ಧರ್ಮಕ್ಕೆ ಅಬಾಂಗನ್ ಎಂದೂ, ನಮಾಜು-ಉಪವಾಸಗಳಲ್ಲಿ ಕಟ್ಟುನಿಟ್ಟಾದವರದಕ್ಕೆ ಸಾಂತ್ರಿ ಎಂದೂ, ಅರಮನೆ ಮತ್ತು ಅಧಿಕಾರಿವರ್ಗದ ಸಂಸ್ಕಾರಕ್ಕೆ ಪ್ರಿಯಾಯಿ ಎಂದೂ ಹೆಸರು ಹಚ್ಚಿ 1960ರಲ್ಲಿ ಪುಸ್ತಕ ಪ್ರಕಟಿಸಿದರು. ಹೆಸರುಗಳಲ್ಲಿ ಐಬು ಹುಡುಕಬಹುದು, ಹುಡುಕಿಯೂ ಇದ್ದಾರೆ. ಅವರು ಕಂಡದ್ದು ಅಲ್ಲಿರಲಿಲ್ಲ ಎಂದು ಮಾತ್ರ ಹೇಳಲಾಗದು.

ಸತ್ತವರಿಗೆ ಮೂರನೆಯ, ಏಳನೆಯ, ನಲವತ್ತನೆಯ, ನೂರನೆಯ, ಕೊನೆಗೆ ಸಾವಿರದ ದಿನ ಊಟ ಹಾಕುತ್ತಾರೆ. ಸಾವಿರದ ದಿನದ ವಿಧಿ ಯಾವ ಇಸ್ಲಾಮಿ ಗ್ರಂಥದಲ್ಲಿದೆ? ಅದೇ ಪೂರ್ವ ಜಾವಾದಲ್ಲಿ, ಮಜಪಹಿತ್ ಸಾಮ್ರಾಜ್ಯದ ಹಯಾಮ್ ವುರುಕ್ ದೊರೆ 1362ರಲ್ಲಿ ತನ್ನ ಅಜ್ಜಿ ರಾಜಪತ್ನಿಗೆ, ಆಕೆ ತೀರಿಕೊಂಡು ಹನ್ನೆರಡು ವರ್ಷಗಳಾದ ಮೇಲೆ, ಭಾರೀ ಶ್ರಾದ್ಧ ನಡೆಸಿದ. ಆಸ್ಥಾನಕವಿ ಪ್ರಪಂಚ 1365ರಲ್ಲಿ ಅದನ್ನು ಕಾವ್ಯವಾಗಿ ಬರೆದಿಟ್ಟ. ಹಿರಿಯರಿಗೆ ವರ್ಷಗಟ್ಟಲೆ ಋಣ ತೀರಿಸುತ್ತಾ ಹೋಗುವ ಈ ಮನೋಧರ್ಮ ಸಮುದ್ರ ದಾಟಿ ಬಂದ ವ್ಯಾಪಾರಿಗಳು ಕಲಿಸಿದ್ದಲ್ಲ.

ಕುದುಸ್ ಪಟ್ಟಣಕ್ಕೆ ಹೋಗಿ. 1549ರ ಶಾಸನವಿರುವ ಅಲ್ಲಿನ ಮಸೀದಿಯ ಮಿನಾರು ಕೆಂಪು ಇಟ್ಟಿಗೆಯ ದೇವಾಲಯದ ಗೋಪುರದಂತಿದೆ. ಊರಿಗೆ ಇಸ್ಲಾಂ ತಂದ ಸಂತ ಸುನಾನ್ ಕುದುಸ್, ಹಿಂದೂ ನೆರೆಯವರ ಮನಸ್ಸು ನೋಯಬಾರದೆಂದು ಗೋವನ್ನು ಕಡಿಯಬೇಡಿ ಎಂದನೆಂಬುದು ಸ್ಥಳೀಯ ಐತಿಹ್ಯ. ಇಂದಿಗೂ ಆ ಊರಿನ ಹೆಸರಾಂತ ಸೋತೊ ಸಾರು ಎಮ್ಮೆ ಮಾಂಸದ್ದು.

ಇನ್ನು ರಾಜಕೀಯ. ಜಾವಾದ ಹಳ್ಳಿಗರನ್ನು ಮಾತಿನಿಂದ ಗೆಲ್ಲಬೇಕೆಂದಿದ್ದ ಯಾರೂ ತೊಗಲುಗೊಂಬೆಯ ಲೋಕವನ್ನು ಬಿಟ್ಟು ಮಾತಾಡಲಿಲ್ಲ. ಚಿಕ್ಕಂದಿನಲ್ಲಿ ಪದೇ ಪದೇ ಕಾಯಿಲೆ ಬೀಳುತ್ತಿದ್ದ ಮಗನಿಗೆ ತಂದೆ ಕರ್ಣನ ಹೆಸರು ಸೇರಿಸಿ ಸುಕಾರ್ನೊ ಎಂದು ಕರೆದರು; ಆ ಮಗ ದೇಶದ ಮೊದಲ ಅಧ್ಯಕ್ಷನಾಗಿ ಭಾಷಣಗಳಲ್ಲಿ ವಾಯಾಂಗ್ ಆಟದ ವೀರರನ್ನು ಕರೆತರುತ್ತಲೇ ಇದ್ದ. ಅವನಿಂದ ಅಧಿಕಾರ ಕಸಿದುಕೊಂಡ ಸುಹಾರ್ತೊನ ಕೈಗೆ ಬಂದ 1966ರ ಮಾರ್ಚ್ 11ರ ಆದೇಶಪತ್ರಕ್ಕೆ ‘ಸುಪರ್‌ಸೆಮಾರ್’ ಎಂಬ ಹ್ರಸ್ವನಾಮ ಹುಟ್ಟಿಕೊಂಡಿತು. ಸೆಮಾರ್ ಪಾಂಡವರ ಡೊಳ್ಳುಹೊಟ್ಟೆಯ ಸೇವಕ, ನಗಿಸುವವನು, ಆದರೆ ನಿಜದಲ್ಲಿ ದೇವರಿಗಿಂತ ದೊಡ್ಡವನು. ಒಂದು ಸರ್ಕಾರಿ ಕಾಗದದ ಹೆಸರಿನಿಂದಲೇ ಇಷ್ಟೆಲ್ಲ ಸೂಚಿಸಬಹುದಾಗಿದ್ದರೆ ಕೇಳುಗರ ಮನಸ್ಸು ಎಲ್ಲಿ ನೆಲೆಸಿತ್ತು?

ಕೊನೆಯ ಮಾತು, ಇದು ಬರೀ ಪಾಂಡಿತ್ಯದ್ದಲ್ಲ. ಈ ಹಳೆಯ ಬುಡವನ್ನು ವಿದ್ವಾಂಸರು ನಿರಾಕರಿಸಿದರೆ ಲಾಭ ಯಾರಿಗೆ? ಸ್ಲಾಮೆತಾನಿಗೂ ಗೋರಿಪೂಜೆಗೂ ಗ್ರಂಥದ ಆಧಾರ ತೋರಿಸಿ, ಇಲ್ಲವೇ ನಿಲ್ಲಿಸಿ ಎನ್ನುವ ಶುದ್ಧಿವಾದಿಗಳಿಗೆ. ತನ್ನದೇ ಸ್ಥಳೀಯ ನಂಬಿಕೆಯನ್ನು ಗುರುತಿನ ಚೀಟಿಯಲ್ಲಿ ಬರೆಸಿಕೊಳ್ಳುವ ಹಕ್ಕು ಇಂಡೊನೇಷ್ಯಾದ ಪ್ರಜೆಗೆ ಸಾಂವಿಧಾನಿಕ ನ್ಯಾಯಾಲಯದಿಂದ ಸಿಕ್ಕಿದ್ದು 2017ರಲ್ಲಿ. ಈ ಬುಡಕ್ಕೆ ತನ್ನದೇ ಹೆಸರು, ತನ್ನದೇ ಘನತೆ ಇದೆ ಎಂದು ಒಪ್ಪದಿದ್ದರೆ ಅಂಥ ತೀರ್ಪಿಗೆ ನೆಲೆಯೇ ಇರುತ್ತಿರಲಿಲ್ಲ.

ವಿರೋಧ: ಗೋಡೆ ಯಾವುದು, ಸುಣ್ಣ ಯಾವುದು?

ಪರ ಪಕ್ಷ ಮಜಪಹಿತ್ ರಾಜಧಾನಿಯ ಶ್ರಾದ್ಧವನ್ನು ತೋರಿಸಿತು. ಅದೇ ರಾಜಧಾನಿಯ ಸ್ಮಶಾನವನ್ನೂ ನೋಡೋಣ. ಇಂದಿನ ತ್ರೊವುಲಾನ್ ಮತ್ತು ಅಲ್ಲಿಯ ತ್ರಲಯ ಎಂಬಲ್ಲಿ ಹದಿನಾಲ್ಕನೆಯ ಶತಮಾನದ ಮುಸ್ಲಿಂ ಗೋರಿಕಲ್ಲುಗಳಿವೆ. ಅವುಗಳಲ್ಲಿ ಹಳೆಯವು 1368 ಮತ್ತು 1376ರವು, ಅಂದರೆ ಪ್ರಪಂಚನ ಕಾವ್ಯ ಮುಗಿದ ಹತ್ತಿಪ್ಪತ್ತು ವರ್ಷಗಳೊಳಗಿನವು, ಹಯಾಮ್ ವುರುಕ್ ಇನ್ನೂ ಸಿಂಹಾಸನದ ಮೇಲಿದ್ದಾಗಿನವು. ಕಲ್ಲಿನಲ್ಲಿ ಅರಬ್ಬಿಯ ಕುರಾನ್ ವಾಕ್ಯಗಳಿವೆ. ಇಸವಿ ಮಾತ್ರ ಹಿಜರಿಯದಲ್ಲ, ಜಾವಾನೀ ಅಂಕಿಗಳಲ್ಲಿ ಕೊರೆದ ಶಕವರ್ಷ. ಕೆಲವು ಕಲ್ಲುಗಳ ಮೇಲೆ ಸಾಮ್ರಾಜ್ಯದ ಸೂರ್ಯಲಾಂಛನವೂ ಇದೆ. ಹಡಗಿನಿಂದಿಳಿದ ಪರದೇಶಿ ವ್ಯಾಪಾರಿ ಹೀಗೆ ಗೋರಿ ಕಟ್ಟಿಸಿಕೊಳ್ಳುವುದಿಲ್ಲ. ಇವರು ಅರಮನೆಯ ಆಸುಪಾಸಿನ ಜಾವಾದವರೇ ಆಗಿರಬೇಕು ಎಂಬುದು ಇತಿಹಾಸಕಾರರ ತರ್ಕ, ಅದನ್ನು ಅಲ್ಲಗಳೆಯುವುದು ಕಷ್ಟ. ಹಾಗಿದ್ದರೆ ಗೋಡೆ ಪೂರ್ತಿಯಾಗಿ, ಒಣಗಿ, ಆಮೇಲೆ ಸುಣ್ಣ ಬಿತ್ತು ಎಂಬ ಚಿತ್ರ ಎಲ್ಲಿಂದ ಬಂತು? ಹಿಂದೂ-ಬೌದ್ಧ ಜಾವಾದ ಅತಿ ದೊಡ್ಡ ಸಾಮ್ರಾಜ್ಯ ತನ್ನ ಉತ್ತುಂಗದಲ್ಲಿದ್ದಾಗಲೇ ಅದರ ಅಂಗಳದಲ್ಲಿ ಇಸ್ಲಾಂ ಇತ್ತು.

ಇನ್ನೊಂದು ಸಾಕ್ಷಿ ಕನ್ನಡಿಗರ ಕೈಗೆಟಕುವಂಥದ್ದು. ಯುಗಾದಿಯ ಪಂಚಾಂಗಶ್ರವಣದಲ್ಲಿ ನಾವು ಕೇಳುವ ಶಾಲಿವಾಹನ ಶಕೆಯೇ ಜಾವಾದಲ್ಲಿಯೂ ಇತ್ತು. 1633ರಲ್ಲಿ, ಶಕ 1555 ನಡೆಯುತ್ತಿದ್ದಾಗ, ಮಧ್ಯ ಜಾವಾದ ಮುಸ್ಲಿಂ ರಾಜ್ಯ ಮತರಾಮ್‌ನ ದೊರೆ ಸುಲ್ತಾನ್ ಅಗುಂಗ್ ಒಂದು ವಿಚಿತ್ರವಾದ ಆಜ್ಞೆ ಹೊರಡಿಸಿದ: ವರ್ಷದ ಎಣಿಕೆ 1555 ಎಂದೇ ಮುಂದುವರಿಯಲಿ, ಆದರೆ ಇನ್ನು ಮುಂದೆ ವರ್ಷವನ್ನು ಅಳೆಯುವುದು ಹಿಜರಿಯ ಚಾಂದ್ರಮಾನದಿಂದ. ಅಧಿಕಮಾಸವಿಲ್ಲ, ಹೊಸ ವರ್ಷ ಮೊಹರಂ ತಿಂಗಳ ಒಂದನೆಯ ದಿನ. ಚಾಂದ್ರವರ್ಷ ಗಿಡ್ಡವಾದ್ದರಿಂದ ಅಂದಿನಿಂದ ಲೆಕ್ಕ ಓಡುತ್ತಲೇ ಇದೆ. 2025ರ ಯುಗಾದಿಗೆ ನಮ್ಮಲ್ಲಿ ಶಕ 1947 ಬಂದರೆ, ಅದೇ ವರ್ಷದ ಜೂನ್‌ನಲ್ಲಿ ಜಾವಾದವರು 1959ಕ್ಕೆ ಕಾಲಿಟ್ಟರು. ಪರ ಪಕ್ಷ ಇದನ್ನು ಹಿಂದೂ ಪಳೆಯುಳಿಕೆ ಎನ್ನುತ್ತದೆ. ಅಂಕಿ ನೋಡಿದರೆ ಹಾಗೆನಿಸಬಹುದು. ತಿಂಗಳು, ವರ್ಷ ಹೇಗೆ ಸರಿಯುತ್ತವೆ ಎಂದು ನೋಡಿದರೆ ಅದು ಮುಸ್ಲಿಂ ಪಂಚಾಂಗ. ಅದೇ ವರ್ಷ ಈ ದೊರೆ ತೆಂಬಾಯತ್‌ನಲ್ಲಿರುವ ಸಂತನ ಗೋರಿಗೆ ಯಾತ್ರೆ ಹೋಗಿದ್ದ. ಎಂಟು ವರ್ಷಗಳ ನಂತರ ಮೆಕ್ಕಾದಿಂದ ಸುಲ್ತಾನ್ ಬಿರುದು ತರಿಸಿಕೊಂಡ. ದಕ್ಷಿಣ ಸಮುದ್ರದ ರಾಣಿ ರಾತು ಕಿದುಲ್ ತನ್ನ ವಂಶದ ಪತ್ನಿ ಎಂದೂ ಅವನ ಅರಮನೆ ನಂಬಿತ್ತು. ಇವನ ಧರ್ಮದಲ್ಲಿ ಮೇಲಿನದನ್ನು ಕೆರೆದು ಕೆಳಗಿನದನ್ನು ತೋರಿಸಿ ಎಂದರೆ ಯಾವ ಉಗುರಿನಿಂದ ಕೆರೆಯುವುದು?

ಜಾವಾದ ಇತಿಹಾಸವನ್ನು ದಶಕಗಟ್ಟಲೆ ಹುಡುಕಿದ ಮೆರ್ಲ್ ರಿಕ್ಲೆಫ್ಸ್ ಅವರ ಶೋಧ ಗೀರ್ಟ್ಸ್ ಚಿತ್ರಕ್ಕೆ ದೊಡ್ಡ ಏಟು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಜಾವಾದವರಲ್ಲಿ ಮುಸ್ಲಿಮರೆಂಬ ಗಟ್ಟಿ ಗುರುತೂ, ಇಸ್ಲಾಮಿನ ಐದು ಕರ್ತವ್ಯಗಳ ಪಾಲನೆಯೂ, ಸ್ಥಳೀಯ ಶಕ್ತಿಗಳ ಮೇಲಿನ ನಂಬಿಕೆಯೂ ಒಟ್ಟಿಗೇ ಇದ್ದವು. ಅಬಾಂಗನ್ ಎಂಬ ವರ್ಗ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ. ಹಜ್ ಮುಗಿಸಿ ಬಂದ ಸುಧಾರಕರು ನಿಮ್ಮದು ಸರಿಯಾದ ಇಸ್ಲಾಂ ಅಲ್ಲ ಎಂದು ಬಿಗಿ ಹಿಡಿದಾಗ, ಆ ಬಿಗಿಗೆ ಬೇಸತ್ತು ದೂರ ಸರಿದವರು ಅವರು. ಗೀರ್ಟ್ಸ್ ಪಾರೆಯಲ್ಲಿ ಕಂಡು ಸಾವಿರ ವರ್ಷದ್ದೆಂದು ಭಾವಿಸಿದ ತಳಪಾಯಕ್ಕೆ ನೂರು ವರ್ಷ ತುಂಬಿತ್ತಷ್ಟೆ. ಇನ್ನು ಪ್ರಿಯಾಯಿ ಎಂಬುದು ಅಂತಸ್ತಿನ ಹೆಸರು, ಧರ್ಮದ್ದಲ್ಲ ಎಂದು ಇಂಡೊನೇಷ್ಯಾದ ಸಮಾಜಶಾಸ್ತ್ರಜ್ಞ ಹರ್ಷಾ ಬಖ್ತಿಯಾರ್ ಎಂದೋ ಹೇಳಿದ್ದರು.

ಸುಣ್ಣದ ಕಥೆ ಯಾರಿಗೆ ಬೇಕಾಗಿತ್ತು ಎಂದೂ ಕೇಳಬೇಕು. 1825ರಿಂದ 1830ರವರೆಗೆ ರಾಜಕುಮಾರ ದಿಪೊನೆಗೊರೊ ಡಚ್ಚರ ವಿರುದ್ಧ ಯುದ್ಧ ಮಾಡಿದ. ಅವನೂ ಗುಹೆಗಳಲ್ಲಿ ತಪಸ್ಸು ಮಾಡಿದವನು, ರಾತು ಕಿದುಲಳನ್ನು ಕಂಡೆನೆಂದವನು. ಇಸ್ಲಾಮಿ ಕಾನೂನಿನ ಗ್ರಂಥಗಳನ್ನು ಓದಿ, ಮುಂಡಾಸು ಸುತ್ತಿ, ಧರ್ಮದ ಹೆಸರಿನಲ್ಲಿಯೇ ಜನರನ್ನು ಕರೆದವನು. ಆ ಯುದ್ಧದಿಂದ ತತ್ತರಿಸಿದ ವಸಾಹತು ಆಡಳಿತಕ್ಕೆ ಜಾವಾದವನು ಒಳಗಿಂದ ಮುಸ್ಲಿಮನಲ್ಲ ಎಂಬ ಮಾತು ನೆಮ್ಮದಿ ತರುವಂಥದ್ದಾಗಿತ್ತು. ಡಚ್ ಭಾಷಾಪಂಡಿತರು ಹಳೆಯ ಕಾವ್ಯಗಳನ್ನು ಪ್ರೀತಿಯಿಂದ ಸಂಪಾದಿಸಿದರು. ಸುರಕಾರ್ತಾ ಅರಮನೆಗಳ ಹಸ್ತಪ್ರತಿಗಳಿಗೆ ಸೂಚಿ ಸಿದ್ಧಪಡಿಸಿದ ನ್ಯಾನ್ಸಿ ಫ್ಲೋರಿಡಾ ತೋರಿಸಿಕೊಟ್ಟಂತೆ, ಅಲ್ಲಿ ರಾಶಿಬಿದ್ದಿದ್ದ ಸೂಫಿ ಪದ್ಯಗಳು, ಇಸ್ಲಾಮಿ ಬರಹಗಳು ಓದುವವರಿಲ್ಲದೆ ಉಳಿದವು. ನಾವೂ ಹಿಂದೆ ಬೀಳಲಿಲ್ಲ. 1926ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬೃಹತ್ ಭಾರತ ಸಂಘಕ್ಕೆ ಆಗ್ನೇಯ ಏಷ್ಯಾವೆಲ್ಲ ನಮ್ಮ ಸಂಸ್ಕೃತಿಯ ವಸಾಹತು. ಗಣಪತಿ ನೋಟಿನ ಸಂಭ್ರಮ ಆ ಹಳೆಯ ಹೆಮ್ಮೆಯ ಮೊಬೈಲ್ ಆವೃತ್ತಿ. ಅಲ್ಲಿಯ ಜನರನ್ನು ಹೊಗಳುತ್ತಿದ್ದೇವೆ ಎಂದುಕೊಂಡು ನಾವು ನಮ್ಮನ್ನೇ ಹೊಗಳಿಕೊಳ್ಳುತ್ತಿರುತ್ತೇವೆ. ಅಂದಹಾಗೆ ಪರ ಪಕ್ಷದ ದೊಡ್ಡ ಸಾಕ್ಷಿಯಾದ ಸೆಮಾರ್ ನಮ್ಮ ಮಹಾಭಾರತದಲ್ಲಿ ಎಲ್ಲಿಯೂ ಇಲ್ಲ, ಅವನು ಅಪ್ಪಟ ಜಾವಾದವನು.

ಸತ್ತವರ ದಿನಗಳ ಲೆಕ್ಕ ತೆಗೆದುಕೊಳ್ಳಿ. ಮೂರನೆಯ ದಿನದ ಜಿಯಾರತ್, ನಲವತ್ತನೆಯ ದಿನದ ಫಾತಿಹಾ ಕಲಬುರಗಿಯಲ್ಲಿಯೂ ಮೈಸೂರಿನಲ್ಲಿಯೂ ಇವೆ. ನಲವತ್ತನ್ನು ಈಜಿಪ್ಟ್‌ನವರೂ ಆಚರಿಸುತ್ತಾರೆ. ಸಾವಿರದ ದಿನ ಮಜಪಹಿತ್ ಕಾಲದ್ದೇ ಇರಬಹುದು, ಕೊಡೋಣ. ಆ ದಿನ ಕುಳಿತವರು ಓದುವುದು ಕುರಾನಿನ ಯಾಸೀನ್ ಅಧ್ಯಾಯ. ಅರಬ್ಬಿ ತೆಗೆದರೂ ಸ್ಲಾಮೆತಾನ್ ನಿಲ್ಲುತ್ತದೆ ಎಂಬ ಮಾತು ಬರಹದ ಮೇಜಿನ ಮೇಲೆ ಮಾತ್ರ ಸತ್ಯ. ಹಾಗೆ ತೆಗೆದು ನಡೆಸಿದ ಮನೆ ಪಾರೆಯಲ್ಲಿ ಗೀರ್ಟ್ಸ್ ಅವರಿಗೇ ಸಾಮಾನ್ಯವಾಗಿ ಸಿಕ್ಕಿರಲಾರದು. ಯೋಗ್ಯಕಾರ್ತಾದಲ್ಲಿ ಕೆಲಸ ಮಾಡಿದ ಮಾರ್ಕ್ ವುಡ್‌ವರ್ಡ್ 1980ರ ದಶಕದಲ್ಲಿಯೇ ಈ ಊಟವನ್ನು ಇಸ್ಲಾಮಿನ ಒಳಗಿನಿಂದ ಓದಿದರು: ಪ್ರಾರ್ಥನೆಯಿಂದ ಅನ್ನಕ್ಕೆ ಆಶೀರ್ವಾದ ಇಳಿಯುತ್ತದೆ, ಅದನ್ನು ನೆರೆಹೊರೆಗೆ ಹಂಚುವುದು ಪುಣ್ಯ. ಬನ್ಯುವಾಂಗಿ ಸೀಮೆಯ ಹಳ್ಳಿಯಲ್ಲಿದ್ದ ಆಂಡ್ರ್ಯೂ ಬೀಟಿ ಅವರಿಗೆ ಇನ್ನೂ ಸ್ವಾರಸ್ಯದ ಸಂಗತಿ ಕಂಡಿತು. ಒಂದೇ ಚಾಪೆಯ ಮೇಲೆ ಕಟ್ಟಾ ನಮಾಜಿಯೂ ಅನುಭಾವಿಯೂ ಊರದೈವದ ಭಕ್ತನೂ ಕೂರುತ್ತಾರೆ, ಯಜಮಾನ ಹೇಳುವ ಒಂದೇ ಮಾತನ್ನು ಮೂವರೂ ತಂತಮ್ಮ ಅರ್ಥದಲ್ಲಿ ಒಪ್ಪುತ್ತಾರೆ, ಅರ್ಥ ಯಾವುದೆಂದು ಯಾರೂ ಜಗಳ ತೆಗೆಯುವುದಿಲ್ಲ.

ಜಗಳ ಬಂದದ್ದು ಈ ಹೆಸರುಗಳು ರಾಜಕೀಯದ ಡಬ್ಬಿಗಳಾದಾಗ. 1955ರ ಚುನಾವಣೆಯಲ್ಲಿ ರಾಷ್ಟ್ರೀಯವಾದಿಗಳಿಗೆ ಶೇ. 22, ಮುಸ್ಲಿಂ ಪಕ್ಷಗಳಾದ ಮಾಶುಮಿಗೆ ಸುಮಾರು 21, ನಹ್ದಲತುಲ್ ಉಲಮಾಗೆ 18, ಕಮ್ಯುನಿಸ್ಟರಿಗೆ 16 ಮತಗಳು ಬಿದ್ದವು. ಅಬಾಂಗನ್ ಎಂದರೆ ಕಮ್ಯುನಿಸ್ಟ್ ಅಥವಾ ರಾಷ್ಟ್ರೀಯವಾದಿ, ಸಾಂತ್ರಿ ಎಂದರೆ ಮುಸ್ಲಿಂ ಪಕ್ಷ ಎಂಬ ಸಮೀಕರಣ ಗಟ್ಟಿಯಾಯಿತು. ಹತ್ತು ವರ್ಷಗಳ ನಂತರ, ಕಮ್ಯುನಿಸ್ಟರೆಂದು ಗುರುತಿಸಿದವರ 1965-66ರ ಕಗ್ಗೊಲೆಗಳಲ್ಲಿ, ಪೂರ್ವ ಜಾವಾದ ಹಳ್ಳಿಗಳಲ್ಲಿ ಆ ಸಮೀಕರಣದ ಬೆಲೆ ಎಷ್ಟೆಂಬುದು ಗೊತ್ತಾಯಿತು. ಪುಸ್ತಕವೊಂದು ಕೊಲೆ ಮಾಡಿಸಿತು ಎನ್ನುವುದು ಮೂರ್ಖತನ, ಹಾಗೆ ಹೇಳುತ್ತಿಲ್ಲ. ‘ಇವರು ನಿಜವಾದ ಮುಸ್ಲಿಮರಲ್ಲ’ ಎಂಬ ವಾಕ್ಯವನ್ನು ವಿದ್ವಾಂಸ ಮೆಚ್ಚುಗೆಯಿಂದ ಬರೆದರೂ ಊರಿನಲ್ಲಿ ಅದರ ಅರ್ಥ ಬೇರೆ. ಮತ್ತೆ, ಸುಣ್ಣ ಅಷ್ಟು ತೆಳುವಾಗಿದ್ದರೆ ಆಮೇಲೆ ಉದುರಬೇಕಿತ್ತು. ಆ ಭಯದ ವರ್ಷಗಳಲ್ಲಿ ಜಾವಾದ ಲಕ್ಷಾಂತರ ಜನ ಕ್ರೈಸ್ತರಾದರು, ಅದಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಹಿಂದೂಗಳಾದರು, ನಿಜ. ಉಳಿದ ಬಹುದೊಡ್ಡ ಸಮುದಾಯ ಮಸೀದಿಗೇ ಹೆಚ್ಚು ಹತ್ತಿರವಾಯಿತು. 2010ರ ಜನಗಣತಿಯಲ್ಲಿ ದೇಶದ ಶೇ. 87 ಮಂದಿ ಮುಸ್ಲಿಮರು, ಹಿಂದೂಗಳು ಶೇ. 1.7ರಷ್ಟು, ಅವರಲ್ಲಿಯೂ ಹೆಚ್ಚಿನವರು ಬಾಲಿಯವರು.

ಶುದ್ಧಿವಾದಿಗಳಿಗೆ ಲಾಭವಾಗುತ್ತದೆ ಎಂಬ ಪರ ಪಕ್ಷದ ಆತಂಕಕ್ಕೆ ಉತ್ತರ ಪಾರೆಯ ಪಕ್ಕದ ಜಿಲ್ಲೆಯಲ್ಲೇ ಇದೆ. ಜೊಂಬಾಂಗ್‌ನಲ್ಲಿ ಹಾಶಿಮ್ ಅಶ್‌ಅರಿ 1899ರಲ್ಲಿ ತೆಬುಇರೆಂಗ್ ಮದರಸಾ ತೆರೆದರು, 1926ರಲ್ಲಿ ನಹ್ದಲತುಲ್ ಉಲಮಾ ಕಟ್ಟಿದವರಲ್ಲಿ ಮುಂದಾಳಾದರು. ಅರಬ್ಬಿ ಧರ್ಮಶಾಸ್ತ್ರವನ್ನು ಅರೆದು ಕುಡಿದ ಈ ಉಲೇಮಾಗಳು ಸಂಘ ಕಟ್ಟಿದ್ದಕ್ಕೆ ಒಂದು ಕಾರಣ, ಗೋರಿಯಾತ್ರೆಯನ್ನೂ ಸತ್ತವರಿಗಾಗಿ ಕೂಡಿ ಪ್ರಾರ್ಥಿಸಿ ಉಣ್ಣುವುದನ್ನೂ ಸುಧಾರಕರಿಂದ ಕಾಪಾಡುವುದು. 2015ರಲ್ಲಿ ಅದೇ ಜೊಂಬಾಂಗ್‌ನಲ್ಲಿ ಸೇರಿದ ಸಮ್ಮೇಳನದಲ್ಲಿ ಅವರು ತಮ್ಮದು ‘ಇಸ್ಲಾಂ ನುಸಂತರ’, ಈ ದ್ವೀಪಗಳ ಇಸ್ಲಾಂ, ಎಂದು ಬಾವುಟ ಹಾರಿಸಿದರು. ಹಳೆಯ ಪಂಥದ ಸಾಂತ್ರಿಗಳಿದ್ದಾರೆ ಎಂದು ಗೀರ್ಟ್ಸ್ ಅವರಿಗೂ ಗೊತ್ತಿತ್ತು. ಆದರೂ ಸ್ಲಾಮೆತಾನನ್ನು ಮಾತ್ರ ಅಬಾಂಗನ್ ಖಾತೆಗೇ ಬರೆದರು. ಆ ಊಟವನ್ನು ನೂರು ವರ್ಷಗಳಿಂದ ವಾದ ಮಾಡಿ, ಗ್ರಂಥ ಬಿಚ್ಚಿ ತೋರಿಸಿ ಉಳಿಸಿಕೊಂಡವರು ಈ ಮದರಸಾಗಳ ಗುರುಗಳು. ಅದು ಅವರಿಗೆ ಸೇರಿದ್ದೇ ಅಲ್ಲ ಎಂದು ಹೊರಗಿನ ನಾವು ಯಾವ ಬಾಯಿಯಿಂದ ಹೇಳುವುದು?