ರೈಲಿಗೆ ಸ್ಟೀರಿಂಗ್ ಯಾವ ಕಾಲದಲ್ಲಿತ್ತು?

ರೈಲು ಸಿಮ್ಯುಲೇಟರ್ ಆಟಕ್ಕೆ ಥ್ರಾಟಲ್ ಮತ್ತು ಬ್ರೇಕ್ ಹಿಡಿಕೆಗಳಿರುವ ಸಾಧನ ಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಸಿ ಬಿಡಿಸಿ ಹೇಳಿದರೂ, ನಿನ್ನೆ ಅಂಗಡಿಯವರೊಬ್ಬರು ಕಾರ್ ರೇಸಿನ ಸ್ಟೀರಿಂಗನ್ನು ನನ್ನ ಮುಂದಿಟ್ಟು, "ಎಲ್ಲಾ ಒಂದೇ ಸಾರ್, ಇದರಲ್ಲೇ ಓಡಿಸಿ" ಎಂದರು. ಹಳಿಯ ಮೇಲಿನ ಗಾಡಿಯನ್ನು ಎತ್ತ ತಿರುಗಿಸಬೇಕು ಸ್ವಾಮಿ? ಮೈಸೂರಿಗೆ ಹೊರಟ ರೈಲನ್ನು ಕೆಂಗೇರಿಯ ಬಳಿ ಪಕ್ಕಕ್ಕೆಳೆದು ನೈಸ್ ರಸ್ತೆಗೆ ಹತ್ತಿಸಬೇಕೇ?

ಪಕ್ಕದ ಅಂಗಡಿಯಲ್ಲಿದ್ದದ್ದು ವಿಮಾನದ ಜಾಯ್‌ಸ್ಟಿಕ್; ಅದರ ಮಾತು ಬೇಡ.

ರೈಲು ಆಟಕ್ಕೆಂದೇ ರೂಪಿಸಿದ ರೈಲ್‌ಡ್ರೈವರ್ ಎಂಬ ಸಾಧನ ಇದೆಯಲ್ಲ ಎನ್ನುತ್ತೀರಿ. ಇದೆ, ಆದರೆ ಅದರ ಹಿಡಿಕೆಗಳ ಜೋಡಣೆ ಅಮೆರಿಕದ ಡೀಸೆಲ್ ಎಂಜಿನ್ನಿನದು, ಮತ್ತು ಸಾಗಣೆ ವೆಚ್ಚ, ಸುಂಕಗಳು ಸೇರಿದ ಮೇಲೆ ಆ ಹಣದಲ್ಲಿ ನಿಜವಾದ ಎಂಜಿನ್ನನ್ನೇ ಕಂತಿನಲ್ಲಿ ಕೊಳ್ಳಬಹುದೇನೋ ಎನಿಸುತ್ತದೆ. ಜಪಾನಿನ ಒಂಟಿ ಹಿಡಿಕೆಯ ಮಾಸ್ಕಾನ್ ಎಂಬ ಆಟದ ಸಾಧನದಲ್ಲಿ ವೇಗಕ್ಕಿರುವುದು 5 ನಾಚ್, ಅಂದರೆ ಹಂತ. ನಮ್ಮ ಆಲ್ಕೋ ಡೀಸೆಲ್ ಎಂಜಿನ್ನಿಗೆ 8 ಬೇಕು, ವೋಲ್ಟೇಜನ್ನು ಹಂತ ಹಂತವಾಗಿ ಏರಿಳಿಸುವ ಟ್ಯಾಪ್ ಚೇಂಜರ್ ಇರುವ ವಿದ್ಯುತ್ ಎಂಜಿನ್ ಡಬ್ಲ್ಯುಎಪಿ-4ಕ್ಕೆ 32! ಉಳಿದವನ್ನು ಯಾವ ಜೇಬಿನಿಂದ ತೆಗೆಯಲಿ? ಇಡೀ ಗಾಡಿಗೆ ಎ-9, ಎಂಜಿನ್ನಿಗೆ ಮಾತ್ರ ಎಸ್‌ಎ-9 ಎಂದು ಎರಡು ಬೇರೆ ಬ್ರೇಕುಗಳಿರುವಾಗ, ಅವೆರಡಕ್ಕೂ ಒಂದೇ ಗುಂಡಿ ಸಾಕೆನ್ನುವವರಿಗೆ ಏನೆಂದು ಉತ್ತರಿಸುವುದು? ಹೀಗಾಗಿ ಸಾವಿರಾರು ಟನ್ನಿನ ಗೂಡ್ಸ್ ಗಾಡಿಯನ್ನು ನಾನಿನ್ನೂ ಕೀಬೋರ್ಡಿನ ಅರ್ಧವಿರಾಮದ (;) ಕೀಲಿಯಿಂದಲೇ ನಿಭಾಯಿಸುತ್ತಿದ್ದೇನೆ.